ಮಳೆಗಾಲದ ತುರ್ತು ಎಂದು ಟೆಂಡರ್ ಇಲ್ಲದೆ ಕೊಟ್ಟ ಕೆಲಸಗಳು: ಕಾಯ್ದೆಯ ವಿನಾಯಿತಿ ಎಲ್ಲಿಯವರೆಗೆ?

ಪ್ರಶ್ನೆ: ಬಡಾವಣೆ ಸಂಘದ ಕಾರ್ಯದರ್ಶಿ

ನಮ್ಮದು ಶಿವಮೊಗ್ಗ ಜಿಲ್ಲೆಯಲ್ಲಿ ಘಟ್ಟಕ್ಕೆ ಹತ್ತಿರವಿರುವ ಒಂದು ಪಟ್ಟಣ. ಚರ್ಚೆ ವ್ಯಕ್ತಿಗಳ ಮೇಲೆ ತಿರುಗಬಾರದೆಂಬ ಕಾರಣಕ್ಕೆ ಊರಿನ ಹೆಸರನ್ನು ಬರೆಯುತ್ತಿಲ್ಲ. ಸ್ಥಳೀಯ ಸಂಸ್ಥೆಯ ಸಾಮಾನ್ಯ ಸಭೆಯ ನಡಾವಳಿಗಳ ಪ್ರತಿ ಪಡೆದು ಓದುವ ಪದ್ಧತಿಯನ್ನು ನಮ್ಮ ನಿವಾಸಿಗಳ ಸಂಘ ಇಟ್ಟುಕೊಂಡಿದೆ. ಕಳೆದ ಮಳೆಗಾಲದ ನಡಾವಳಿಯಲ್ಲಿ, ಟೆಂಡರ್ ಕರೆಯದೆ ಕೊಟ್ಟ ಮೂರು ಕೆಲಸಗಳು ಕಣ್ಣಿಗೆ ಬಿದ್ದವು.

ಮೊದಲನೆಯದು ದೊಡ್ಡ ಚರಂಡಿಯ ಹೂಳೆತ್ತುವ ಕೆಲಸ. ಒಂದೇ ಚರಂಡಿಯನ್ನು ನಾಲ್ಕು ಭಾಗ ಮಾಡಿ, ನಾಲ್ಕಕ್ಕೂ ಬೇರೆ ಬೇರೆ ಅಂದಾಜು ಪಟ್ಟಿ ತಯಾರಿಸಿ, ಒಂದೇ ದಿನಾಂಕದ ಕಾರ್ಯಾದೇಶಗಳ ಮೂಲಕ ಕೊಡಲಾಗಿದೆ. ಪ್ರತಿ ಭಾಗದ ಮೊತ್ತವೂ ಟೆಂಡರ್ ಬೇಕಾಗುವ ಮಿತಿಗಿಂತ ತುಸುವೇ ಕೆಳಗಿದೆ. ಮಳೆಯ ತುರ್ತು ಹಿನ್ನೆಲೆಯಲ್ಲಿ ಕೊಟೇಶನ್ ಪಡೆದು ಕೆಲಸ ವಹಿಸಲಾಯಿತೆಂದು ಟಿಪ್ಪಣಿ ಇದ್ದು, ವಿಷಯವು ಸಭೆಯ ಮುಂದೆ ಬಂದದ್ದು ಘಟನೋತ್ತರ ಅನುಮೋದನೆಗಾಗಿ ಮಾತ್ರ. ಎರಡನೆಯದು, ನೀರು ಶುದ್ಧೀಕರಣ ಘಟಕದ ಪಂಪ್‌ಸೆಟ್‌ಗೆ ಬೇಕಾದ ಬಿಡಿಭಾಗಗಳನ್ನು ಮೂಲ ತಯಾರಕರ ಅಧಿಕೃತ ಮಾರಾಟಗಾರರಿಂದ ನೇರವಾಗಿ ಖರೀದಿಸಿದ್ದು. ಮೂರನೆಯದು, ಸಮುದಾಯ ಭವನದ ಕಟ್ಟಡವನ್ನು ಸರ್ಕಾರಿ ನಿರ್ಮಾಣ ಸಂಸ್ಥೆಯೊಂದಕ್ಕೆ, ರಾಜ್ಯದ ಟೆಂಡರ್ ಕಾಯ್ದೆಯಾದ ಕೆಟಿಪಿಪಿಯ ಕಲಂ 4(ಜಿ) ವಿನಾಯಿತಿಯ ಅಡಿಯಲ್ಲಿ ವಹಿಸಿದ್ದು.

ಸಂಘದಲ್ಲಿ ಎರಡು ಅಭಿಪ್ರಾಯಗಳಿವೆ. ಟೆಂಡರ್ ಇಲ್ಲವೆಂದ ಮೇಲೆ ಅಕ್ರಮವೇ ಎಂದು ಕೆಲವರು ಹೇಳುತ್ತಾರೆ. ಮಳೆ ಸುರಿಯುವಾಗ ಟೆಂಡರ್ ಕರೆದು ಕೂತರೆ ಮನೆಗಳಿಗೆ ನೀರು ನುಗ್ಗುತ್ತದೆ, ಅಧಿಕಾರಿಗಳು ಮಾಡಿದ್ದು ಸರಿ ಎಂದು ಉಳಿದವರು ಹೇಳುತ್ತಾರೆ. ದೂರು ಬರೆಯುವ ಮೊದಲು ನನಗೆ ತಿಳಿಯಬೇಕಾದದ್ದು ಇಷ್ಟು: ಕಾಯ್ದೆಯು ಯಾವ ಸಂದರ್ಭದಲ್ಲಿ ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ, ನಮ್ಮ ಮೂರು ಕೆಲಸಗಳು ಅದರೊಳಗೆ ಬರುತ್ತವೆಯೇ, ಮತ್ತು ಇದನ್ನು ನಿರ್ಧರಿಸಲು ಯಾವ ಕಾಗದಗಳನ್ನು ನೋಡಬೇಕು?

ಉತ್ತರ 1: ಲೆಕ್ಕಪರಿಶೋಧನೆಯಲ್ಲಿದ್ದು ನಿವೃತ್ತನಾದವನು

ನಿಮ್ಮ ಸಂಘದ ಎರಡೂ ಬಣಗಳು ಅರ್ಧ ಸತ್ಯವನ್ನು ಹಿಡಿದುಕೊಂಡಿವೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಅನ್ವಯಿಸುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಎಂದು ಕರೆಯುವ ಕಾಯ್ದೆ, ಮತ್ತು ಅದರ ಅಡಿಯ 2000ದ ನಿಯಮಗಳು. ಸರ್ಕಾರಿ ಇಲಾಖೆಗಳಿಗೆ ಹೇಗೋ ಹಾಗೆಯೇ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೂ ಅದು ಅನ್ವಯಿಸುತ್ತದೆ. ಟೆಂಡರ್ ಮೂಲಕವಲ್ಲದೆ ಸಂಗ್ರಹಣೆ ಮಾಡಬಾರದೆಂಬುದು ಸಾಮಾನ್ಯ ನಿಯಮ, ಕಲಂ 4ರಲ್ಲಿ ಇರುವುದು ಅಪವಾದಗಳು. ಆ ಅಪವಾದಗಳ ಪಟ್ಟಿ ಮುಚ್ಚಿದ ಪಟ್ಟಿ. ಅಧಿಕಾರಿಗೆ ಸರಿಯೆನಿಸಿದ ಯಾವ ಕಾರಣವನ್ನೂ ಅದಕ್ಕೆ ಹೊಸದಾಗಿ ಸೇರಿಸಲು ಬರುವುದಿಲ್ಲ. ಆದ್ದರಿಂದ ಕಡತವನ್ನು ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಖರೀದಿ ಕಲಂ 4ರ ಯಾವ ಉಪಖಂಡದ ಅಡಿಯಲ್ಲಿ ನಡೆದಿದೆ ಎಂಬುದು. ಉಪಖಂಡವನ್ನೇ ನಮೂದಿಸದ ಕಡತವನ್ನು ಕಂಡಾಗಲೆಲ್ಲ ನಾನು ಆಕ್ಷೇಪಣೆ ಬರೆದಿದ್ದೇನೆ.

ಹೂಳಿನ ಕೆಲಸಕ್ಕೆ ಬರೋಣ. ತುರ್ತಿನ ಕುರಿತಾದ (ಎ) ಉಪಖಂಡವು ನೈಸರ್ಗಿಕ ವಿಪತ್ತಿನ ಅಥವಾ ಸರ್ಕಾರ ಘೋಷಿಸಿದ ತುರ್ತಿನ ಅವಧಿಯನ್ನು ಕುರಿತು ಹೇಳುತ್ತದೆ. ಘೋಷಣೆ ಎಂಬುದು ಇಲ್ಲಿ ಅಲಂಕಾರಕ್ಕೆ ಇಟ್ಟ ಶಬ್ದವಲ್ಲ. ಆರೋಗ್ಯ ನಿರೀಕ್ಷಕರೋ ಕಿರಿಯ ಅಭಿಯಂತರರೋ ಮಳೆ ಜೋರಾಗಿದೆ ಎಂದು ಟಿಪ್ಪಣಿ ಬರೆದ ಮಾತ್ರಕ್ಕೆ ಅದು ಈ ಉಪಖಂಡದ ತುರ್ತು ಆಗುವುದಿಲ್ಲ. ಸರ್ಕಾರದ ಆದೇಶ ಇರಬೇಕು, ಆ ಆದೇಶದ ಅವಧಿಯೊಳಗೆ ಕಾರ್ಯಾದೇಶದ ದಿನಾಂಕ ಬರಬೇಕು, ಮತ್ತು ಕೆಲಸಕ್ಕೂ ಆ ವಿಪತ್ತಿಗೂ ಸಂಬಂಧ ಇರಬೇಕು.

ಆದರೆ ನಿಮ್ಮ ವಿವರಣೆಯನ್ನು ಓದಿದರೆ, ಕಡತದಲ್ಲಿ ತುರ್ತು ಎಂದು ಬರೆದು ನಿಜವಾಗಿ ಬಳಸಿಕೊಂಡದ್ದು (ಇ) ಉಪಖಂಡವನ್ನು ಎಂದು ತೋರುತ್ತದೆ. ಅದು ಸಣ್ಣ ಮೊತ್ತದ ಕೆಲಸ ಮತ್ತು ಖರೀದಿಗಳಿಗೆ ಕೊಟ್ಟ ವಿನಾಯಿತಿ. ಅದರ ಮಿತಿಯು ತಿದ್ದುಪಡಿಗಳಿಂದ ಕಾಲಕಾಲಕ್ಕೆ ಏರುತ್ತ ಬಂದಿರುವುದರಿಂದ, ಕಾರ್ಯಾದೇಶದ ದಿನದಂದು ಜಾರಿಯಲ್ಲಿದ್ದ ಮಿತಿಯನ್ನೇ ಅಳತೆಗೋಲಾಗಿ ಹಿಡಿಯಬೇಕು. ಇಂದಿನ ಮಿತಿಯನ್ನು ಹಿಡಿದು ಹಳೆಯ ಕೆಲಸವನ್ನು ಅಳೆದರೆ ದೂರು ಬಿದ್ದುಹೋಗುತ್ತದೆ. ಒಂದೇ ಚರಂಡಿ, ಒಂದೇ ಬಗೆಯ ಕೆಲಸ, ಒಂದೇ ದಿನಾಂಕ, ಒಂದೇ ಲೆಕ್ಕಶೀರ್ಷಿಕೆ, ಮತ್ತು ಮಿತಿಗಿಂತ ಕೂದಲೆಳೆಯಷ್ಟು ಕಡಿಮೆಯಿರುವ ನಾಲ್ಕು ಅಂದಾಜುಗಳು ಒಟ್ಟಿಗೆ ಕಂಡರೆ, ಕೆಲಸವನ್ನು ತುಂಡು ಮಾಡಿದ್ದು ಟೆಂಡರ್ ತಪ್ಪಿಸಲಿಕ್ಕೇ ಎಂದು ಪರಿಶೋಧಕರು ತೀರ್ಮಾನಿಸುತ್ತಾರೆ. ವಿಭಜನೆಗೆ ನ್ಯಾಯವಾದ ಕಾರಣವೂ ಇರಬಹುದು. ಚರಂಡಿಯ ಒಂದು ಭಾಗಕ್ಕೆ ಯಂತ್ರ ಇಳಿಯುತ್ತದೆ, ಇನ್ನೊಂದು ಭಾಗ ಗಲ್ಲಿಯೊಳಗೆ ಹಾದುಹೋಗುವುದರಿಂದ ಆಳುಗಳೇ ಬೇಕು ಎಂಬಂಥ ಕಾರಣ. ಅಂಥದ್ದಿದ್ದರೆ ಅದು ಅಂದಾಜು ಪಟ್ಟಿಯ ಜೊತೆಗಿನ ತಾಂತ್ರಿಕ ವರದಿಯಲ್ಲಿ, ಕೆಲಸಕ್ಕೆ ಮೊದಲೇ, ಬರೆದಿರಬೇಕು. ಆಕ್ಷೇಪಣೆ ಬಂದ ನಂತರ ಅನುಪಾಲನಾ ವರದಿಯಲ್ಲಿ, ಅಂದರೆ ಕಚೇರಿಯು ಆಕ್ಷೇಪಣೆಗೆ ಕೊಡುವ ಉತ್ತರದಲ್ಲಿ, ಮೊದಲ ಬಾರಿಗೆ ಕಾಣಿಸಿಕೊಳ್ಳುವ ಕಾರಣಕ್ಕೆ ಬೆಲೆ ಕಡಿಮೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಜನ ಟೆಂಡರ್ ಇತ್ತೇ ಇಲ್ಲವೇ ಎಂಬುದರಲ್ಲೇ ನಿಂತುಬಿಡುತ್ತಾರೆ. ಹೂಳೆತ್ತುವ ಕೆಲಸದಲ್ಲಿ ದರಕ್ಕಿಂತ ಹೆಚ್ಚು ಸೋರಿಕೆ ಆಗುವುದು ಪ್ರಮಾಣದಲ್ಲಿ. ಕೆಲಸಕ್ಕೆ ಮೊದಲು ಚರಂಡಿಯ ತಳದ ಮಟ್ಟವನ್ನು ಅಳೆದು ದಾಖಲಿಸದಿದ್ದರೆ, ಒಂದು ದೊಡ್ಡ ಮಳೆ ಬಂದು ಹೋದ ಮೇಲೆ ಎಷ್ಟು ಘನಮೀಟರ್ ಎತ್ತಿದರೆಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ಆದ್ದರಿಂದ ಅಳತೆ ಪುಸ್ತಕದ ಪುಟಗಳು, ಕೆಲಸಕ್ಕೆ ಮೊದಲಿನ ಮತ್ತು ನಂತರದ ಮಟ್ಟಗಳ ದಾಖಲೆ, ಟಿಪ್ಪರ್‌ಗಳ ಟ್ರಿಪ್ ಚೀಟಿಗಳು, ಹೂಳನ್ನು ಎಲ್ಲಿ ಸುರಿದರೆಂಬ ವಿವರ, ಇವನ್ನು ಕಾರ್ಯಾದೇಶದ ಜೊತೆಗೇ ಕೇಳಿರಿ. ನಾಲ್ಕೂ ಕೊಟೇಶನ್‌ಗಳ ಮೇಲಿನ ಕೈಬರಹ ಮತ್ತು ದಿನಾಂಕಗಳನ್ನೂ ಒಂದು ಸಾರಿ ಪಕ್ಕಪಕ್ಕ ಇಟ್ಟು ನೋಡಿರಿ. ಹೆಚ್ಚು ಹೇಳುವುದಿಲ್ಲ.

ಪಂಪ್‌ಸೆಟ್‌ನ ವಿಷಯ ಸರಳ. ಈಗಾಗಲೇ ಇರುವ ಯಂತ್ರಕ್ಕೆ ಏಕರೂಪತೆ ಮತ್ತು ಹೊಂದಾಣಿಕೆಯ ದೃಷ್ಟಿಯಿಂದ ಹಿಂದಿನ ಸರಬರಾಜುದಾರರಿಂದಲೇ ಹೆಚ್ಚುವರಿ ಸರಬರಾಜು ಪಡೆಯಲು (ಸಿ) ಉಪಖಂಡ ಅವಕಾಶ ಕೊಡುತ್ತದೆ. ಇಂಪೆಲ್ಲರ್, ಶಾಫ್ಟ್ ಮುಂತಾದ ಆ ಮಾದರಿಗೇ ಮೀಸಲಾದ ಭಾಗಗಳಿಗೆ ಇದು ನ್ಯಾಯವಾಗಿ ಅನ್ವಯಿಸುತ್ತದೆ. ಅದೇ ಬಿಲ್ಲಿನಲ್ಲಿ ಬೇರಿಂಗ್, ಕೇಬಲ್, ಸ್ಟಾರ್ಟರ್‌ನಂಥ ಪೇಟೆಯಲ್ಲಿ ಎಲ್ಲೆಡೆ ಸಿಗುವ ಸಾಮಾನುಗಳನ್ನು ಸೇರಿಸಿದ್ದರೆ ಅಷ್ಟರ ಮಟ್ಟಿಗೆ ಪ್ರಶ್ನೆ ಎತ್ತಬಹುದು.

ಉತ್ತರ 2: ಶಿವಮೊಗ್ಗದ ವಕೀಲ

ಮೇಲಿನ ಉತ್ತರಕ್ಕೆ ಒಂದು ಮುಖ್ಯ ಸೇರ್ಪಡೆ ಬೇಕು. ತುರ್ತಿನ ಬಾಗಿಲು ಕೆಟಿಪಿಪಿ ಕಾಯ್ದೆಯಲ್ಲಿ ಮಾತ್ರ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 50ರ ಪ್ರಕಾರ, ವಿಪತ್ತಿನ ಅಪಾಯ ಅಥವಾ ವಿಪತ್ತು ಎದುರಾದಾಗ ರಕ್ಷಣೆ ಅಥವಾ ಪರಿಹಾರಕ್ಕಾಗಿ ತಕ್ಷಣ ಸಾಮಗ್ರಿ ಬೇಕೆಂದು ರಾಷ್ಟ್ರೀಯ, ರಾಜ್ಯ ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಮನವರಿಕೆಯಾದರೆ, ಸಂಬಂಧಪಟ್ಟ ಇಲಾಖೆಗೆ ಅಥವಾ ಪ್ರಾಧಿಕಾರಕ್ಕೆ ತುರ್ತು ಖರೀದಿಯ ಅಧಿಕಾರ ಕೊಡಬಹುದು. ಹಾಗೆ ಕೊಟ್ಟಾಗ ಟೆಂಡರ್ ಕರೆಯುವ ವಿಧಿವಿಧಾನವನ್ನು ಕೈಬಿಟ್ಟಂತೆ ಭಾವಿಸಲಾಗುತ್ತದೆ. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಹೀಗಾಗಿ ರಾಜ್ಯ ಸರ್ಕಾರದ ಘೋಷಣೆ ಕಡತದಲ್ಲಿ ಇಲ್ಲವೆಂಬ ಒಂದೇ ಆಧಾರದ ಮೇಲೆ ನೀವು ದೂರು ಬರೆದರೆ, ಜಿಲ್ಲಾ ಪ್ರಾಧಿಕಾರದ ಅಧಿಕಾರಪತ್ರವನ್ನು ಅವರು ಮುಂದಿಟ್ಟಾಗ ನಿಮ್ಮ ವಾದ ಕುಸಿಯುತ್ತದೆ. ಅದು ಇದೆಯೇ ಎಂದು ಮೊದಲೇ ಕೇಳಿರಿ.

ಆದರೆ ಈ ಕಲಮಿಗೂ ಅಂಚುಗಳಿವೆ. ಅಧಿಕಾರ ಕೊಡಬೇಕಾದವರು ಪ್ರಾಧಿಕಾರದವರೇ ಹೊರತು ಪುರಸಭೆಯ ಮುಖ್ಯಾಧಿಕಾರಿ ತನಗೆ ತಾನೇ ಕೊಟ್ಟುಕೊಳ್ಳುವುದಲ್ಲ. ಉದ್ದೇಶ ರಕ್ಷಣೆ ಮತ್ತು ಪರಿಹಾರ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ನೀರೆತ್ತುವ ಪಂಪು, ದೋಣಿ, ಹೊದಿಕೆ, ಊಟದ ವ್ಯವಸ್ಥೆಗಳಿಗೆ ಯಾರೂ ಟೆಂಡರ್ ಕೇಳುವುದಿಲ್ಲ, ಕೇಳಬಾರದು. ನೀರು ಇಳಿದ ಮೂರು ತಿಂಗಳ ನಂತರ ಅದೇ ಹೆಸರಿನಲ್ಲಿ ಕಾಂಕ್ರೀಟ್ ತಡೆಗೋಡೆ ಕಟ್ಟಿಸಿದರೆ ಅದು ಬೇರೆ ಮಾತು, ಏಕೆಂದರೆ ಆ ಹೊತ್ತಿಗೆ ಟೆಂಡರ್‌ಗೆ ಬೇಕಾದ ಸಮಯ ಸಿಕ್ಕಿರುತ್ತದೆ.

ನ್ಯಾಯಾಲಯಗಳು ಇದನ್ನು ಹೇಗೆ ನೋಡುತ್ತವೆ ಎಂಬುದಕ್ಕೆ ಸುಪ್ರೀಂ ಕೋರ್ಟ್ 2006ರಲ್ಲಿ ಮೀರತ್ ನಗರ ನಿಗಮ ಮತ್ತು ಅಲ್ ಫಹೀಮ್ ಮೀಟ್ ಎಕ್ಸ್‌ಪೋರ್ಟ್ಸ್ ನಡುವಿನ ಪ್ರಕರಣದಲ್ಲಿ ಕೊಟ್ಟ ತೀರ್ಪು ಒಳ್ಳೆಯ ಆಧಾರ. ಅದೂ ಒಂದು ನಗರಾಡಳಿತದ ಗುತ್ತಿಗೆಯ ಪ್ರಕರಣವೇ. ಸರ್ಕಾರ ಮತ್ತು ಅದರ ಅಂಗಸಂಸ್ಥೆಗಳ ಗುತ್ತಿಗೆಗಳು ಸಾಮಾನ್ಯವಾಗಿ ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ಆಗಬೇಕು, ಸಾಕಷ್ಟು ಪ್ರಚಾರ ಇರಬೇಕು ಎಂದು ಹೇಳಿದ ನ್ಯಾಯಾಲಯವು, ವಿರಳ ಅಪವಾದಗಳಿಗೆ ಉದಾಹರಣೆಯಾಗಿ ನೈಸರ್ಗಿಕ ವಿಪತ್ತು ಮತ್ತು ಸರ್ಕಾರ ಘೋಷಿಸಿದ ತುರ್ತು, ಒಂದೇ ಮೂಲದಿಂದ ಮಾತ್ರ ಸಿಗುವ ವಸ್ತು, ಪೂರೈಕೆದಾರನಿಗೆ ವಿಶೇಷ ಹಕ್ಕಿರುವ ಸಂದರ್ಭ, ಮತ್ತು ಹಲವು ಬಾರಿ ಹರಾಜು ನಡೆಸಿದರೂ ಬಿಡ್ಡುದಾರರು ಬಾರದ ಅಥವಾ ತೀರಾ ಕಡಿಮೆ ಬಿಡ್ ಬಂದ ಸಂದರ್ಭಗಳನ್ನು ಹೆಸರಿಸಿತು. ಇವೆಲ್ಲದರ ಹಿಂದೆ ಸಂವಿಧಾನದ 14ನೇ ವಿಧಿ ಇದೆ, ಅಂದರೆ ಸರ್ಕಾರದ ಹಣದಿಂದ ವ್ಯವಹಾರ ಮಾಡುವ ಅವಕಾಶವು ಅರ್ಹರೆಲ್ಲರಿಗೂ ಸಮಾನವಾಗಿರಬೇಕೆಂಬ ತತ್ವ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಿಂದ ಈ ನಿಲುವು ಗಟ್ಟಿಯಾಗುತ್ತ ಬಂದಿದೆ.

ಒಂದೇ ಮೂಲದ ಖರೀದಿಯ ಬಗ್ಗೆಯೂ ಎರಡು ಮಾತು, ಏಕೆಂದರೆ ನಿಮ್ಮ ಪಂಪ್‌ಸೆಟ್ಟಿನ ಕಡತದಲ್ಲಿ (ಸಿ) ಬದಲಿಗೆ (ಬಿ) ಎಂದು ಬರೆದಿರುವ ಸಾಧ್ಯತೆ ಇದೆ. (ಬಿ) ಎಂದಾದರೆ ಷರತ್ತು ಬಿಗಿಯಾಗುತ್ತದೆ. ಆ ವಸ್ತು ಒಂದೇ ಮೂಲದಿಂದ ಸಿಗುತ್ತದೆಯೇ ಎಂಬುದನ್ನು ಮೂವರು ಪರಿಣತರ ಸಮಿತಿ ಪರಿಶೀಲಿಸಿ ಘೋಷಿಸಬೇಕು: ಖರೀದಿಸುವ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ ಒಬ್ಬರು, ಅದೇ ಬಗೆಯ ಖರೀದಿ ಮಾಡುವ ರಾಜ್ಯ ಸರ್ಕಾರದ ಸಂಸ್ಥೆಯ ತಾಂತ್ರಿಕ ಪ್ರತಿನಿಧಿ ಒಬ್ಬರು, ಮತ್ತು ಹೆಸರುವಾಸಿಯಾದ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯ ಪ್ರತಿನಿಧಿ ಒಬ್ಬರು. ಮೂರನೆಯವರು ಸಿಗಲಿಲ್ಲ ಎಂಬ ಸಬೂಬು ನಮ್ಮ ಜಿಲ್ಲೆಯಲ್ಲಿ ನಡೆಯುವುದಿಲ್ಲ. ನಗರದಲ್ಲೇ ಜೆ.ಎನ್.ಎನ್. ಇಂಜಿನಿಯರಿಂಗ್ ಕಾಲೇಜು ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಮಾರಾಟಗಾರನೇ ಬರೆದುಕೊಟ್ಟ, ತಾನೊಬ್ಬನೇ ಅಧಿಕೃತ ಎಂಬ ಪತ್ರವನ್ನು ಲಗತ್ತಿಸಿ (ಬಿ) ಎಂದು ಬರೆದಿದ್ದರೆ ಅದು ಸಾಲದು.

ದೂರಿನ ದಾರಿಯ ಬಗ್ಗೆ ಒಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೆಟಿಪಿಪಿ ಕಾಯ್ದೆಯ ಕಲಂ 16ರ ಮೇಲ್ಮನವಿ ಇರುವುದು ಟೆಂಡರ್‌ನಲ್ಲಿ ಭಾಗವಹಿಸಿ ಬಾಧಿತರಾದ ಟೆಂಡರುದಾರರಿಗೆ, ಅದೂ ಆದೇಶ ಕೈಸೇರಿದ 30 ದಿನಗಳೊಳಗೆ. ಟೆಂಡರನ್ನೇ ಕರೆಯದಿದ್ದಾಗ ಟೆಂಡರುದಾರ ಎಂಬುವವನೇ ಇರುವುದಿಲ್ಲ, ಆದ್ದರಿಂದ ಮೇಲ್ಮನವಿಯೂ ಇಲ್ಲ. ಸ್ಪರ್ಧೆ ಇಲ್ಲದಿರುವುದರ ಜೊತೆಗೆ ಪ್ರಶ್ನಿಸುವವನೂ ಇಲ್ಲದಂತಾಗುವುದು ವಿನಾಯಿತಿಯ ದೊಡ್ಡ ಪರಿಣಾಮ ಎಂಬುದು ನನ್ನ ಅಭಿಪ್ರಾಯ. ನಾಗರಿಕರಿಗೆ ಉಳಿಯುವುದು ಮಾಹಿತಿ ಹಕ್ಕು, ಲೆಕ್ಕಪರಿಶೋಧನೆ, ಮೇಲಧಿಕಾರಿಗಳಿಗೆ ದೂರು, ಲೋಕಾಯುಕ್ತ, ಕೊನೆಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ನಮ್ಮ ಜಿಲ್ಲೆಗೆ ಅದು ಬೆಂಗಳೂರಿನ ಪ್ರಧಾನ ಪೀಠ, ಧಾರವಾಡವಲ್ಲ. ಚರಂಡಿಯ ಹೂಳಿಗಾಗಿ ಅಲ್ಲಿಯವರೆಗೆ ಹೋಗಿ ಎಂದು ನಾನು ಸಲಹೆ ಕೊಡುವುದಿಲ್ಲ.

ಉತ್ತರ 3: ತೀರ್ಥಹಳ್ಳಿ ಕಡೆಯ ಗುತ್ತಿಗೆದಾರ

ಕಾಯ್ದೆ ಬಲ್ಲವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಟೆಂಡರ್ ಕರೆದರೆ ಸ್ಪರ್ಧೆ ತಾನಾಗಿಯೇ ಬರುತ್ತದೆ ಎಂಬ ಭಾವನೆ ಈ ಚರ್ಚೆಯಲ್ಲಿ ಸುಳಿಯುತ್ತಿದೆ, ಅದನ್ನು ಕೆಲಸ ಮಾಡುವವನ ಕಡೆಯಿಂದ ಸ್ವಲ್ಪ ಪರೀಕ್ಷಿಸಬೇಕು.

ಮಲೆನಾಡಿನ ಸಣ್ಣ ಪಟ್ಟಣದಲ್ಲಿ ಜೂನ್ ತಿಂಗಳ ಹೂಳಿನ ಕೆಲಸಕ್ಕೆ ಬಿಡ್ ಹಾಕುವವರು ಎಷ್ಟು ಜನ ಇರುತ್ತಾರೆ? ಆ ಹೊತ್ತಿಗೆ ಯಂತ್ರಗಳೆಲ್ಲ ತೋಟದ ಕಾಲುವೆ, ಮನೆಯ ಹಿಂದಿನ ಕುಸಿದ ಧರೆ ಎಂದು ಖಾಸಗಿ ಕೆಲಸದಲ್ಲಿರುತ್ತವೆ. ಅಲ್ಲಿ ಗಂಟೆಯ ಬಾಡಿಗೆ ಸಂಜೆಯೇ ಕೈಸೇರುತ್ತದೆ. ಸ್ಥಳೀಯ ಸಂಸ್ಥೆಯ ಬಿಲ್ಲು ಯಾವಾಗ ಪಾಸಾಗುತ್ತದೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಮೊದಲ ಕರೆಗೆ ಯಾರೂ ಬರುವುದಿಲ್ಲ, ಅಥವಾ ಒಬ್ಬನೇ ಬರುತ್ತಾನೆ. ಒಬ್ಬನೇ ಬಂದರೆ ಮತ್ತೆ ಕರೆಯುವುದು ರೂಢಿ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಆಗ ಅಧಿಕಾರಿ ಪರಿಚಯದ ಗುತ್ತಿಗೆದಾರನಿಗೆ ಫೋನ್ ಮಾಡಿ, ಕೆಲಸ ಮುಗಿಸು, ಕಾಗದ ಆಮೇಲೆ ನೋಡೋಣ ಎನ್ನುತ್ತಾನೆ. ಇದರಲ್ಲಿ ಯಾವಾಗಲೂ ದುರುದ್ದೇಶ ಇರುತ್ತದೆ ಎಂದು ನಾನು ಹೇಳಲಾರೆ. ಹಾಗೆ ಬಾಯಿಮಾತಿನ ಮೇಲೆ ಕೆಲಸ ಮಾಡಿದ ಗುತ್ತಿಗೆದಾರನ ಬಿಲ್ಲು ಲೆಕ್ಕಪರಿಶೋಧನೆಯಲ್ಲಿ ನಿಂತುಹೋಗಿ, ಅವನು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿರುವುದನ್ನೂ ಕಂಡಿದ್ದೇನೆ.

ಇನ್ನು ಟೆಂಡರ್ ಕರೆದೂ ಸ್ಪರ್ಧೆ ತಪ್ಪಿಸುವ ದಾರಿಗಳು ವಿನಾಯಿತಿಗಿಂತ ಹೆಚ್ಚು ಚಾಲ್ತಿಯಲ್ಲಿವೆ. ಚಿಕ್ಕ ಕೆಲಸಗಳನ್ನು ಒಂದೇ ಪ್ಯಾಕೇಜ್ ಮಾಡಿ ಸ್ಥಳೀಯರು ಅರ್ಹತೆಯನ್ನೇ ಮುಟ್ಟದಂತೆ ಮಾಡುವುದು, ಇಂತಿಷ್ಟು ಸ್ವಂತ ಯಂತ್ರ ಇರಲೇಬೇಕೆಂದು ಷರತ್ತು ಹಾಕುವುದು, ಅಲ್ಪಾವಧಿ ಟೆಂಡರ್ ಎಂದು ಹಬ್ಬದ ರಜೆಯ ನಡುವೆ ಏಳೇ ದಿನ ಕೊಡುವುದು. 2000ದ ನಿಯಮಗಳು ಬಂದಾಗ 17ನೇ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗಳಿಗೆ 30 ದಿನ, ಅದಕ್ಕೆ ಮೇಲ್ಪಟ್ಟವಕ್ಕೆ 60 ದಿನ ಕನಿಷ್ಠ ಕಾಲಾವಕಾಶ ಇಟ್ಟಿದ್ದರು. ಕಡಿಮೆ ಮಾಡಬೇಕಾದರೆ ಟೆಂಡರ್ ಕರೆಯುವ ಅಧಿಕಾರಿಗಿಂತ ಮೇಲಿನವರು ಕಾರಣ ಬರೆದು ಅನುಮತಿ ಕೊಡಬೇಕು. ಸಂಘದವರು ವಿನಾಯಿತಿಯ ಕಡತಗಳ ಜೊತೆಗೆ ಅಲ್ಪಾವಧಿ ಟೆಂಡರ್‌ಗಳ ಈ ಅನುಮತಿ ಪತ್ರವನ್ನೂ ಕೇಳುವುದು ಒಳ್ಳೆಯದು.

ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ಕ್ರಮವಾಗಿ ಶೇ. 17.15 ಮತ್ತು ಶೇ. 6.95ರಷ್ಟು ಕಾಮಗಾರಿಗಳನ್ನು ನಿಗದಿತ ಮೊತ್ತದವರೆಗೆ ಮೀಸಲಿಡುವುದನ್ನು ಕೆಲವರು ಟೆಂಡರ್ ವಿನಾಯಿತಿ ಎಂದು ತಿಳಿದಿದ್ದಾರೆ. ಅದು ವಿನಾಯಿತಿಯಲ್ಲ. ಆ ಕೆಲಸಗಳಿಗೂ ಟೆಂಡರ್ ಇರುತ್ತದೆ, ಸ್ಪರ್ಧೆ ಆ ವರ್ಗದೊಳಗೆ ನಡೆಯುತ್ತದೆ. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಬೇಡಿ.

ಉತ್ತರ 4: ನಿವೃತ್ತ ಅಭಿಯಂತರ

ಗುತ್ತಿಗೆದಾರ ಮಿತ್ರರು ಹೇಳಿದ ಕಷ್ಟ ನಿಜ, ಆದರೆ ಅದು ಜೂನ್ ತಿಂಗಳಲ್ಲಿ ಟೆಂಡರ್ ಕರೆಯುವುದರ ಕಷ್ಟ. ನಮ್ಮ ಕಡೆ ಮಳೆ ಅನಿರೀಕ್ಷಿತ ಅತಿಥಿಯೇನಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮಲೆನಾಡಿನ ಮನೆಯವರು ಹಂಚು ಕೈಯಾಡಿಸುವುದನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳುತ್ತಾರೆ. ಚರಂಡಿಯ ಒಡೆಯರಾದ ಸಂಸ್ಥೆಗೆ ಅದು ಸಾಧ್ಯವಿಲ್ಲವೆಂದರೆ ನಂಬುವುದು ಹೇಗೆ? ಪ್ರತಿವರ್ಷ ಬರುವ ಕೆಲಸವನ್ನು ಪ್ರತಿವರ್ಷವೂ ತುರ್ತು ಎಂದು ಬರೆಯುವುದನ್ನು ನಾನು ಸೇವೆಯಲ್ಲಿದ್ದಾಗಲೂ ವಿರೋಧಿಸಿದ್ದೇನೆ, ಈಗಲೂ ವಿರೋಧಿಸುತ್ತೇನೆ.

ಇದಕ್ಕೆ ದಾರಿ ಇದೆ. ಜನವರಿ–ಫೆಬ್ರವರಿಯಲ್ಲಿಯೇ ವಾರ್ಷಿಕ ದರ ಒಪ್ಪಂದಕ್ಕೆ ಟೆಂಡರ್ ಕರೆಯಬೇಕು. ಜೆಸಿಬಿ ಮತ್ತು ಹಿಟಾಚಿಗೆ ಗಂಟೆಯ ದರ, ಟಿಪ್ಪರಿಗೆ ಕಿಲೋಮೀಟರ್ ಲೆಕ್ಕದ ಸಾಗಣೆ ದರ, ನೀರೆತ್ತುವ ಪಂಪಿಗೆ ಅಶ್ವಶಕ್ತಿಯ ಪ್ರಕಾರ ದಿನದ ಬಾಡಿಗೆ, ಬಿದ್ದ ಮರ ಕತ್ತರಿಸುವ ಗರಗಸದ ತಂಡಕ್ಕೆ ಪಾಳಿಯ ದರ, ಇವೆಲ್ಲ ಸ್ಪರ್ಧೆಯಲ್ಲಿ ನಿಗದಿಯಾಗಿದ್ದರೆ ರಾತ್ರಿ ಹನ್ನೆರಡಕ್ಕೆ ಮರ ಬಿದ್ದರೂ ಒಂದು ಕರೆಯಲ್ಲಿ ಕೆಲಸ ಶುರುವಾಗುತ್ತದೆ, ಯಾವ ಉಪಖಂಡವನ್ನೂ ಹುಡುಕಬೇಕಾಗಿಲ್ಲ. ಪ್ರಮಾಣ ಮೊದಲೇ ಗೊತ್ತಿರುವುದಿಲ್ಲ ಎಂಬ ಆಕ್ಷೇಪಕ್ಕೆ, ಹಿಂದಿನ ಮೂರು ಮಳೆಗಾಲದ ಅಳತೆ ಪುಸ್ತಕಗಳ ಸರಾಸರಿಯೇ ಉತ್ತರ. ಮರಗಳ ವಿಷಯದಲ್ಲಿ ಅರಣ್ಯ ಇಲಾಖೆಯ ಅನುಮತಿಯ ಪ್ರಶ್ನೆ ಬೇರೆ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೂರನೆಯ ಕೆಲಸದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ, ಏಕೆಂದರೆ ಮೊತ್ತದ ದೃಷ್ಟಿಯಿಂದ ನಿಮ್ಮ ಪಟ್ಟಿಯಲ್ಲಿ ಅದೇ ದೊಡ್ಡದಿರಬೇಕು. (ಜಿ) ಉಪಖಂಡವು ನಿರ್ದಿಷ್ಟ ಸಂಗ್ರಹಣೆಗಳಿಗೆ ಅಥವಾ ಸಂಗ್ರಹಣೆಗಳ ವರ್ಗಕ್ಕೆ ಸರ್ಕಾರವು ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವುದನ್ನು ಕುರಿತದ್ದು. ಹಿಂದೆ ಭೂಸೇನಾ ನಿಗಮ ಎನ್ನುತ್ತಿದ್ದ ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ, ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು, ಇಂಥ ಸಂಸ್ಥೆಗಳಿಗೆ ಕೆಲಸ ಹೋಗುವುದು ಈ ದಾರಿಯಲ್ಲಿ. ಅಧಿಸೂಚನೆ ಇದ್ದರೆ ವಹಿಸಿಕೊಟ್ಟದ್ದು ಕಾನೂನುಬದ್ಧವೇ. ಆದರೆ ಸ್ಥಳೀಯ ಸಂಸ್ಥೆಯ ಠರಾವು ಅಧಿಸೂಚನೆಯ ಸ್ಥಾನದಲ್ಲಿ ನಿಲ್ಲಲಾರದು. ಶಾಸಕರ ಪತ್ರವೂ ನಿಲ್ಲಲಾರದು, ಅದು ಎಷ್ಟೇ ದಪ್ಪ ಕಾಗದದ ಮೇಲಿದ್ದರೂ. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಅದರಲ್ಲಿ ಹೇಳಿದ ಮೊತ್ತದ ಮಿತಿ, ಅವಧಿ ಮತ್ತು ಷರತ್ತುಗಳನ್ನು ಓದಿ, ನಿಮ್ಮ ಸಮುದಾಯ ಭವನ ಅದರೊಳಗೆ ಕೂರುತ್ತದೆಯೇ ನೋಡಿರಿ.

ಅಧಿಸೂಚನೆ ಸರಿಯಿದ್ದರೂ ವಿಚಾರಣೆ ಅಲ್ಲಿಗೆ ಮುಗಿಯುವುದಿಲ್ಲ. ಸರ್ಕಾರಿ ಸಂಸ್ಥೆಗೆ ಟೆಂಡರ್ ಇಲ್ಲದೆ ಕೊಡುವುದರ ಹಿಂದಿರುವ ತರ್ಕವೆಂದರೆ, ಆ ಸಂಸ್ಥೆ ತನ್ನದೇ ತಾಂತ್ರಿಕ ಸಿಬ್ಬಂದಿಯಿಂದ, ಲಾಭದ ಉದ್ದೇಶವಿಲ್ಲದೆ ಕಟ್ಟಿಕೊಡುತ್ತದೆ ಎಂಬುದು. ಅದು ಮೇಲ್ವಿಚಾರಣಾ ಶುಲ್ಕ ಇಟ್ಟುಕೊಂಡು ಇಡೀ ಕಟ್ಟಡವನ್ನು ಒಳಗುತ್ತಿಗೆಗೆ ಕೊಟ್ಟುಬಿಟ್ಟರೆ, ಟೆಂಡರ್‌ನಲ್ಲಿ ಸ್ಪರ್ಧಿಸಬೇಕಾಗಿದ್ದ ಖಾಸಗಿ ವ್ಯಕ್ತಿಗೆ ಸ್ಪರ್ಧೆಯಿಲ್ಲದೆ ಕೆಲಸ ಸಿಕ್ಕಂತಾಯಿತು, ಮೇಲೆ ಶುಲ್ಕದ ಹೊರೆಯೂ ಬಿತ್ತು. ಸರ್ಕಾರದ ಒಡೆತನದ ಅಥವಾ ನಿಯಂತ್ರಣದ ಸಂಸ್ಥೆಗಳು ತಾವೇ ಸಿಮೆಂಟು, ಕಬ್ಬಿಣ ಕೊಳ್ಳುವಾಗಲೂ ಕೆಟಿಪಿಪಿ ಕಾಯ್ದೆಗೆ ಒಳಪಡುತ್ತವೆ. ಕೆಲಸ ವಹಿಸಿಕೊಳ್ಳುವಾಗ ಸಿಕ್ಕ ವಿನಾಯಿತಿ ಅವರ ಖರೀದಿಗಳಿಗೆ ತಾನಾಗಿ ಹರಿಯುವುದಿಲ್ಲ. ಸಾಮಗ್ರಿ ಖರೀದಿಯ ಮತ್ತು ಕೂಲಿ ಪಾವತಿಯ ದಾಖಲೆಗಳನ್ನು ಆ ಸಂಸ್ಥೆಯಿಂದಲೇ, ಪ್ರತ್ಯೇಕ ಅರ್ಜಿಯಲ್ಲಿ ಕೇಳಬೇಕು.

ಪ್ರಶ್ನೆ ಕೇಳಿದವರು: ಬಡಾವಣೆ ಸಂಘದ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ನಡಾವಳಿಯನ್ನು ಮತ್ತೆ ತೆಗೆದು ನೋಡಿದೆ. ಹೂಳಿನ ನಾಲ್ಕು ಕಾರ್ಯಾದೇಶಗಳಲ್ಲಿ ಯಾವ ಉಪಖಂಡದ ಉಲ್ಲೇಖವೂ ಇಲ್ಲ. ಜಿಲ್ಲಾ ಪ್ರಾಧಿಕಾರದ ಪತ್ರದ ಪ್ರಸ್ತಾಪವೂ ಇಲ್ಲ. ಸಮುದಾಯ ಭವನದ ವಿಷಯದಲ್ಲಿ 4(ಜಿ) ಎಂದಿದೆ, ಅಧಿಸೂಚನೆಯ ಸಂಖ್ಯೆ ಇಲ್ಲ. ಪಂಪ್‌ಸೆಟ್ಟಿನ ವಿಷಯವನ್ನು ಸಂಘ ಕೈಬಿಡಲು ಒಪ್ಪಿದೆ. ಇನ್ನೊಂದು ಅನುಮಾನ ಉಳಿದಿದೆ: ಸಾಮಾನ್ಯ ಸಭೆಯು ಘಟನೋತ್ತರ ಅನುಮೋದನೆ ಕೊಟ್ಟಮೇಲೆ ಹಿಂದಿನ ಲೋಪ ಸರಿಹೋಯಿತು ಎಂದು ಸದಸ್ಯರೊಬ್ಬರು ವಾದಿಸುತ್ತಿದ್ದಾರೆ. ಇದು ಸರಿಯೇ? ಮತ್ತು ಮಾಹಿತಿ ಹಕ್ಕಿನ ಅರ್ಜಿಯನ್ನು ಹೇಗೆ ಬರೆದರೆ ನಿರಾಕರಣೆ ತಪ್ಪುತ್ತದೆ?

ಉತ್ತರ 5: ಲೆಕ್ಕಪರಿಶೋಧನೆಯಲ್ಲಿದ್ದು ನಿವೃತ್ತನಾದವನು

ವಕೀಲರು ಕಲಂ 50ನ್ನು ಸೇರಿಸಿದ್ದು ಸಮಯೋಚಿತವಾಯಿತು. ಆ ಪತ್ರ ಇಲ್ಲವೆಂದು ಲಿಖಿತವಾಗಿ ಬಂದರೆ ನಿಮ್ಮ ದೂರಿಗೆ ಬಲ ಬರುತ್ತದೆ.

ಸದಸ್ಯರ ವಾದದಲ್ಲಿ ಎರಡು ಬೇರೆ ವಿಷಯಗಳು ಬೆರೆತಿವೆ. ಸಭೆಗೆ ತನ್ನದೇ ಅಧಿಕಾರದೊಳಗಿನ ವಿಷಯಕ್ಕೆ, ಉದಾಹರಣೆಗೆ ಆಯವ್ಯಯದಲ್ಲಿ ಇಲ್ಲದ ವೆಚ್ಚಕ್ಕೆ ಅಥವಾ ಮುಖ್ಯಾಧಿಕಾರಿ ತನ್ನ ಆರ್ಥಿಕ ಮಿತಿ ಮೀರಿ ಮಾಡಿದ ವೆಚ್ಚಕ್ಕೆ, ಅನುಮೋದನೆ ಕೊಡಲು ಬರಬಹುದು. ಆದರೆ ಟೆಂಡರ್ ಕರೆಯಬೇಕೆಂಬ ಕಟ್ಟಳೆ ಸಭೆ ಹಾಕಿದ್ದಲ್ಲ, ವಿಧಾನಮಂಡಲ ಹಾಕಿದ್ದು. ತಾನು ಹಾಕದ ಕಟ್ಟಳೆಯನ್ನು ಸಭೆ ಮನ್ನಿಸಲಾರದು. ಕಲಂ 4ರಲ್ಲಿ ಬಾರದ ಖರೀದಿಯನ್ನು ಸರ್ವಾನುಮತದ ಠರಾವೂ ಕಲಂ 4ರೊಳಗೆ ತರಲಾರದು. ಕಾಯ್ದೆಯ ಉಲ್ಲಂಘನೆಗೆ ಕಲಂ 23ರಲ್ಲಿ ಶಿಕ್ಷೆಯ ಅವಕಾಶವೂ ಇದೆ ಎಂಬುದನ್ನು ಆ ಸದಸ್ಯರ ಗಮನಕ್ಕೆ ಮೆಲ್ಲಗೆ ತರಬಹುದು, ಏಕೆಂದರೆ ಠರಾವಿಗೆ ಕೈಯೆತ್ತುವಾಗ ಇದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯ ವಿಷಯ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಅನೇಕ ಒಳ್ಳೆಯ ಅರ್ಜಿಗಳು ಬಿದ್ದುಹೋಗುವುದು ಇಲ್ಲಿಯೇ. ಹೂಳಿಗೆ ಒಂದು, ಭವನಕ್ಕೆ ಒಂದು, ಭವನದ ಸಾಮಗ್ರಿ ಖರೀದಿಗಾಗಿ ನಿರ್ಮಾಣ ಸಂಸ್ಥೆಗೆ ಒಂದು, ಹೀಗೆ ಮೂರು ಅರ್ಜಿ ಮಾಡಿ, ಪ್ರತಿಯೊಂದಕ್ಕೂ 10 ರೂಪಾಯಿ ಶುಲ್ಕ ಕೊಡಿ. ಏಕೆ ಟೆಂಡರ್ ಕರೆಯಲಿಲ್ಲ ಎಂದು ಪ್ರಶ್ನೆ ಕೇಳಬೇಡಿ, ಕಾರಣ ವಿವರಿಸುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ ಎಂಬ ಹಿಂಬರಹ ಬರುತ್ತದೆ. ದಾಖಲೆಗಳನ್ನೇ ಹೆಸರಿಸಿ ಕೇಳಿರಿ. ಹೂಳಿನ ಅರ್ಜಿಯ ಒಕ್ಕಣೆ ಹೀಗಿರಬಹುದು:

ಇಂತಹ ದಿನಾಂಕದ ನಾಲ್ಕು ಕಾರ್ಯಾದೇಶಗಳಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು, ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ, ಸ್ವೀಕರಿಸಿದ ಎಲ್ಲ ಕೊಟೇಶನ್‌ಗಳು ಮತ್ತು ಅವುಗಳ ತುಲನಾತ್ಮಕ ಪಟ್ಟಿ, 1999ರ ಕಾಯ್ದೆಯ ಕಲಂ 4ರ ಯಾವ ಉಪಖಂಡದಡಿ ವಿನಾಯಿತಿ ಪಡೆಯಲಾಗಿದೆಯೋ ಆ ಆದೇಶ, 2005ರ ಕಾಯ್ದೆಯ ಕಲಂ 50ರಡಿ ಜಿಲ್ಲಾ ಪ್ರಾಧಿಕಾರ ನೀಡಿದ ಅಧಿಕಾರಪತ್ರವಿದ್ದಲ್ಲಿ ಅದು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಸಾಗಣೆಯ ಟ್ರಿಪ್ ಚೀಟಿಗಳು ಮತ್ತು ಪಾವತಿ ವೋಚರುಗಳ ದೃಢೀಕೃತ ನಕಲುಗಳನ್ನು ಒದಗಿಸಬೇಕು. ಯಾವುದೇ ದಾಖಲೆ ಲಭ್ಯವಿಲ್ಲದಿದ್ದರೆ ಹಾಗೆಂದು ನಮೂದಿಸಬೇಕು.

ಕೊನೆಯ ವಾಕ್ಯವನ್ನು ಬಿಡಬೇಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಕಾಗದಗಳು ಕೈಸೇರಿದ ಮೇಲೆ ಅದರ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡುವ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯ ಜಿಲ್ಲಾ ಕಚೇರಿಗೆ, ಆ ವರ್ಷದ ಪರಿಶೋಧನೆ ಶುರುವಾಗುವ ಮೊದಲೇ, ಸಣ್ಣ ಮುಖಪತ್ರದೊಂದಿಗೆ ತಲುಪಿಸಿರಿ. ವರದಿ ಅಂತಿಮವಾದ ಮೇಲೆ ಬಂದ ದೂರಿಗಿಂತ, ಪರಿಶೋಧಕರ ಮೇಜಿನ ಮೇಲೆ ಕಡತ ತೆರೆದಿರುವಾಗ ಬಂದ ಪತ್ರಕ್ಕೆ ಹೆಚ್ಚು ಗಮನ ಸಿಗುತ್ತದೆ. ಲೋಕಾಯುಕ್ತಕ್ಕೆ ಹೋಗುವುದಾದರೆ ನಿಗದಿತ ನಮೂನೆಯ ದೂರಿನ ಜೊತೆಗೆ ಪ್ರಮಾಣಪತ್ರ ಬೇಕು, ಆದ್ದರಿಂದ ಅದರಲ್ಲಿ ದಾಖಲೆಯಿಂದ ಸಿದ್ಧವಾಗುವ ಮಾತನ್ನಷ್ಟೇ ಬರೆಯಿರಿ.